ಮುಖವಿಲ್ಲದವನಿಗೆ ಮುಖ ಬರೆದ ಗಂಡ

ಗಂಡ ಹೆಂಡತಿ ಜಗಳವಾಡಿದರೆ ಮೊದಲೆಲ್ಲ ಪಕ್ಕದ ಮನೆಗೆ ಕೇಳುತ್ತಿತ್ತು. ಈಗ ಮೊಬೈಲ್ ಇರುವವರಿಗೆಲ್ಲ ಕೇಳುತ್ತದೆ. ಹೀಗೆ ಕೇಳಿಸುತ್ತಿರುವವರು ಹೊರಗಿನವರಲ್ಲ, ನಾವೇ.

ಒಂದು ಬೀದಿಯಲ್ಲಿ ಒಬ್ಬ ಬೋರ್ಡ್ ಪೇಂಟರ್ ಇದ್ದ. ಅಂಗಡಿಗಳ ಹೆಸರು ಬರೆಯುವುದು ಅವನ ಕಸುಬು. ಅಚ್ಚು ಹಾಕಿದ ಬೋರ್ಡುಗಳು ಬಂದ ಮೇಲೆ ಕೆಲಸ ಕಡಿಮೆಯಾಯಿತು. ಸುಮ್ಮನೆ ಕೂರಲಾರದೆ ಮೊಬೈಲಿನಲ್ಲಿ ಚಿತ್ರಕಥೆ ಹಾಕತೊಡಗಿದ. ಅವನ ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುವ ಘಟಕದಲ್ಲಿ ಕಾಲರ್ ಹೊಲಿಯುತ್ತಿದ್ದಳು. ಚಿತ್ರಕಥೆಯಲ್ಲಿ ಅವನ ಹೆಸರು ಗಡ್ಡ, ಅವಳ ಹೆಸರು ಜುಟ್ಟು. ಗಡ್ಡ ಬಟ್ಟೆ ಒಗೆಯಲು ಹೋಗಿ ಬಿಳಿ ಅಂಗಿಗಳನ್ನೆಲ್ಲ ನೀಲಿ ಮಾಡಿದ್ದು, ಜುಟ್ಟು ಅತ್ತೆಯ ಕನ್ನಡಕ ಕದ್ದು ಸೂಜಿಗೆ ದಾರ ಪೋಣಿಸಿದ್ದು, ಇಂಥವೇ ಕಥೆಗಳು. ವಾರಕ್ಕೆರಡು. ಸಾವಿರಾರು ಜನ ನೋಡಿ ನಗುತ್ತಿದ್ದರು.

ಅವರು ಕೆಲಸ ಮಾಡುತ್ತಿದ್ದ ರೀತಿ ಹೀಗಿತ್ತು. ಅವನು ಚಿತ್ರ ಬರೆದು, ಮಾತಿನ ಗುಳ್ಳೆಗಳನ್ನು ಖಾಲಿ ಬಿಡುತ್ತಿದ್ದ. ಅವಳು ಸಂಜೆ ಘಟಕದಿಂದ ಬಂದು ಮುಖ ತೊಳೆದು, ಆ ಗುಳ್ಳೆಗಳಲ್ಲಿ ತನ್ನ ದುಂಡು ಅಕ್ಷರದಲ್ಲಿ ಮಾತು ತುಂಬುತ್ತಿದ್ದಳು. ಅವಳು ತುಂಬಿದ ಮೇಲೆಯೇ ಕಥೆ ಹೊರಗೆ ಹೋಗಬೇಕು. ಬೇಡ ಎನಿಸಿದರೆ ಗುಳ್ಳೆ ಖಾಲಿ ಬಿಟ್ಟು ಎದ್ದು ಹೋಗುತ್ತಿದ್ದಳು. ಆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮನೆಯಲ್ಲಿದ್ದ ಮೂರನೆಯವಳು ಅವನ ತಾಯಿ. ಅವಳಿಗೂ ಕಥೆಯಲ್ಲಿ ಜಾಗವಿತ್ತು.

"ಲೋ, ನನ್ನ ಮೂಗು ಯಾಕೋ ಇಷ್ಟುದ್ದ ಬರ್ದಿದ್ದೀಯ?"

"ಇರೋದನ್ನೇ ಬರ್ದೆ ಅಮ್ಮಾ."

"ಹಂಗಿದ್ರೆ ನಿನ್ನ ಹೊಟ್ಟೆನೂ ಬರಿ. ಅದು ಎಲ್ಲಿ ಹೋಯ್ತು?"

ಸೊಸೆ ನಕ್ಕು ನಕ್ಕು ಗೋಡೆ ಹಿಡಿದುಕೊಳ್ಳುತ್ತಿದ್ದಳು. ಒಳ್ಳೆಯ ಮನೆ ಅದು. ಹಾಳಾದದ್ದು ಹೊರಗಿನವರಿಂದ ಅಲ್ಲ.

ಒಂದು ರಜೆಯ ಮಧ್ಯಾಹ್ನ ತಾಯಿ ತನ್ನ ತಂಗಿಯ ಮನೆಗೆ ಹೋಗಿದ್ದಳು. ಗಂಡ ಹೆಂಡತಿ ಚಾಪೆಯ ಮೇಲೆ ಮಲಗಿ ಹರಟುತ್ತಿದ್ದರು. ಅವನು ಕೇಳಿದ: "ನಿನ್ನ ಮನಸ್ಸಲ್ಲಿ ಎಂಥೆಂಥ ಆಸೆ ಬರುತ್ತೆ? ನಿಜ ಹೇಳು. ನಾನು ಏನೂ ಅಂದ್ಕೊಳಲ್ಲ."

"ಮೊದಲು ನಿಮ್ದು ಹೇಳಿ."

ಅವನು ಒಬ್ಬ ಸಿನಿಮಾ ನಟಿಯ ಹೆಸರು ಹೇಳಿದ. ಅವಳು ಬಿದ್ದು ಬಿದ್ದು ನಕ್ಕಳು. "ಪಾಪ, ಆಕೆಗೆ ಗೊತ್ತಾ ಈ ವಿಷಯ?"

ಆಮೇಲೆ ದಿಂಬಿನಲ್ಲಿ ಅರ್ಧ ಮುಖ ಹುದುಗಿಸಿ ತನ್ನದನ್ನು ಹೇಳಿದಳು. "ಒಂದೊಂದು ಸಲ ನಾವು ಒಟ್ಟಿಗಿರುವಾಗ ಕಣ್ಣು ಮುಚ್ಚಿದ್ರೆ ರೈಲಲ್ಲಿ ಹೋಗ್ತಾ ಇದ್ದಂಗೆ ಅನ್ಸುತ್ತೆ. ಎದುರಿಗೆ ಯಾರೋ ಕೂತಿರ್ತಾನೆ. ಅವನಿಗೆ ನನ್ನ ಹೆಸರೂ ಗೊತ್ತಿಲ್ಲ. ಎದ್ದು ಬಂದು ಕೈ ಹಿಡೀತಾನೆ. ಆಮೇಲೆ... ಆಮೇಲಿಂದು ನಿಮಗೇ ಗೊತ್ತು."

"ಯಾರವನು?"

"ಯಾರೂ ಅಲ್ಲ. ಅವನಿಗೆ ಮುಖಾನೇ ಇಲ್ಲ."

"ಮುಖ ಇಲ್ಲದ ಮನುಷ್ಯ ಇರ್ತಾನಾ?"

"ನಿಮ್ಮ ಚಿತ್ರದಲ್ಲಿ ಇರಲ್ಲ. ನನ್ನ ತಲೇಲಿ ಇರ್ತಾನೆ," ಎಂದು ಅವನ ಮೂಗು ಹಿಂಡಿ ಎದ್ದು ಕಾಫಿಗೆ ನೀರಿಟ್ಟಳು. ಅವಳ ಮಟ್ಟಿಗೆ ಅದು ಅಲ್ಲಿಗೆ ಮುಗಿದ ಮಾತು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅಷ್ಟು ಧೈರ್ಯವಾಗಿ ಅವಳು ಯಾರಿಗೂ ಏನನ್ನೂ ಹೇಳಿರಲಿಲ್ಲ.

ಅವನಿಗೆ ಮುಗಿಯಲಿಲ್ಲ. ಏನೂ ಅಂದುಕೊಳ್ಳುವುದಿಲ್ಲ ಎಂದವನಿಗೆ ಊಟಕ್ಕೆ ಕೂತರೂ ರೈಲು, ಏಣಿ ಹತ್ತಿ ಬೋರ್ಡ್ ಬರೆಯುವಾಗಲೂ ರೈಲು. ಯಾರಿರಬಹುದು ಎಂದು ಅವಳ ಸುತ್ತಲಿನ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ತೂಗಿ ನೋಡಿದ. ಅವಳು ಸ್ನಾನಕ್ಕೆ ಹೋದಾಗ ಅವಳ ಮೊಬೈಲ್ ತೆರೆದ. ಘಟಕದ ಕಟಿಂಗ್ ಮಾಸ್ಟರ್ ಕಳಿಸಿದ ಒಂದು ಸಂದೇಶ ಸಿಕ್ಕಿತು: "ನಾಳೆ ಅರ್ಧ ಗಂಟೆ ಬೇಗ ಬಾಮ್ಮ, ಕಾಲರ್ ಬಾಕಿ ಇದೆ."

ಅದರಲ್ಲಿ ಏನಿದೆ? ಕಾಲರ್ ಇದೆ. ಆದರೆ ಸಂಶಯ ಹಿಡಿದವನಿಗೆ 'ಬೇಗ ಬಾ' ಎಂಬುದಷ್ಟೇ ಕಂಡಿತು.

ಬಾಯಿಬಿಟ್ಟು ಕೇಳಬಹುದಿತ್ತು. "ನನಗೆ ಹೊಟ್ಟೆಕಿಚ್ಚಾಗ್ತಿದೆ ಕಣೇ" ಎಂದಿದ್ದರೆ ಅವಳು ಇನ್ನೊಮ್ಮೆ ಮೂಗು ಹಿಂಡುತ್ತಿದ್ದಳು. ಅವನು ಕೇಳಲಿಲ್ಲ, ಚಿತ್ರ ಬರೆದ. ರೈಲು ಬರೆದ, ಜುಟ್ಟು ಬರೆದ, ಎದುರಿನ ಸೀಟಿನವನನ್ನು ಬರೆದ. ಮೊದಲು ಮುಖ ಖಾಲಿ ಬಿಟ್ಟ. ಕೈ ಒಪ್ಪಲಿಲ್ಲ, ಇಪ್ಪತ್ತು ವರ್ಷ ಖಾಲಿ ಜಾಗ ತುಂಬಿಸಿಯೇ ಬದುಕಿದ ಕೈ ಅದು. ಒಂದು ದಪ್ಪ ಮೀಸೆ ಹಾಕಿತು. ಆಮೇಲೆ ಕಿವಿಗೆ ದಾರ ಕಟ್ಟಿದ ಕನ್ನಡಕ ಹಾಕಿತು. ಘಟಕದ ಬಾಗಿಲಲ್ಲಿ ಅವನು ನೋಡಿದ್ದ ಕಟಿಂಗ್ ಮಾಸ್ಟರ್ ಎದ್ದು ಬಂದು ಕೂತಂತಾಯಿತು. ಗುಳ್ಳೆಗಳನ್ನೂ ಆ ಸಲ ತಾನೇ ತುಂಬಿದ. ಚಾಪೆಯ ಮೇಲೆ ಅವಳು ಹೇಳಿದ ಮಾತುಗಳನ್ನು ಒಂದಕ್ಷರ ಬಿಡದೆ ಬರೆದ. ಬೆಳಿಗ್ಗೆ ಹತ್ತಕ್ಕೆ ಹಾಕಿಬಿಟ್ಟ. ಅವಳು ಕೆಲಸದಲ್ಲಿದ್ದಳು.

ಮಧ್ಯಾಹ್ನ ಊಟದ ಗಂಟೆ ಹೊಡೆದು ಯಂತ್ರಗಳು ನಿಂತವು. ಅವಳು ಡಬ್ಬಿ ಹಿಡಿದು ಬಂದರೆ, ಬೆಂಚಿನ ಮೇಲೆ ಏಳೆಂಟು ಹೆಂಗಸರು ಒಂದೇ ಮೊಬೈಲಿಗೆ ಬಾಗಿದ್ದರು. ಗುಂಡಿ ಹಾಕುವವಳು ತಲೆ ಎತ್ತಿ ಕೇಳಿದಳು: "ಏನೇ ಜುಟ್ಟು, ರೈಲು ಎಷ್ಟು ಗಂಟೆಗೆ?"

"ಯಾವ ರೈಲು?"

"ಮಾಸ್ಟರ್ ಟಿಕೆಟ್ ತೆಗೆದಿದ್ದಾರಂತಲ್ಲ!"

ಬೆಂಚು ಪೂರ್ತಿ ನಕ್ಕಿತು. ಒಬ್ಬಳು ಮೊಬೈಲನ್ನು ಅವಳ ಕೈಗಿಟ್ಟಳು. ತನ್ನ ಮಾತು, ಗಂಡನ ಅಕ್ಷರ, ಮಾಸ್ಟರ ಮುಖ. ಮಾಸ್ಟರ್ ಆ ಹೊತ್ತಿಗೆ ಕತ್ತರಿ ಮೇಜಿನ ಬಳಿ ಬೆನ್ನು ತಿರುಗಿಸಿ ನಿಂತಿದ್ದರು. ಬೆಳಿಗ್ಗೆಯೇ ಯಾರೋ ಅದನ್ನು ಅವರ ಮನೆಗೂ ಕಳಿಸಿದ್ದರು. ಅವಳು ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಗೆ ನಡೆದಳು.

ಮನೆಗೆ ಬಂದವಳು ಕೂಗಾಡಲಿಲ್ಲ. ಚೀಲಕ್ಕೆ ಬಟ್ಟೆ ತುಂಬುತ್ತಲೇ ಕೇಳಿದಳು: "ಯಾಕ್ರೀ ಹೀಗೆ ಮಾಡಿದ್ರಿ?"

"ನಗೋಕೆ ಹಾಕಿದ್ದು. ನಮ್ಮ ಕಥೆ ತಾನೇ ನಾವು ಹಾಕೋದು?"

"ನಾನು ನಕ್ಕೆನಾ?"

"ನಿನ್ನ ಹೆಸರಿಲ್ಲ, ಅವನ ಹೆಸರಿಲ್ಲ..."

"ಮುಖ ಇದೆಯಲ್ಲ. ಇಲ್ಲದ ಮುಖ ಎಲ್ಲಿಂದ ತಂದ್ರಿ? ಆ ಮನುಷ್ಯ ನನ್ನನ್ನ 'ಬಾಮ್ಮ' ಅಂತ ಕರೀತಾರೆ. ಅವರಿಗೆ ಮೊಮ್ಮಕ್ಕಳಿದ್ದಾರೆ."

ಅವನು ಸಿಡುಕಿದ. "ಮನಸ್ಸಲ್ಲಿ ಇನ್ನೊಬ್ಬನನ್ನ ಇಟ್ಕೊಂಡವಳು ನೀನು. ತಪ್ಪು ನಂದಾ?"

ಅವಳು ಚೀಲದ ಬಾಯಿ ಕಟ್ಟಿದಳು. "ನಿಮಗೊಬ್ಬರಿಗೇ ಹೇಳಿದ್ದೆ," ಎಂದಷ್ಟೇ ಹೇಳಿ ಅಕ್ಕನ ಮನೆಗೆ ಹೋದಳು.

ಎರಡು ದಿನದ ನಂತರ ನರ್ಸಕ್ಕ ಬಂದಳು. ಅದೇ ಬೀದಿಯ ಕೊನೆಯ ಮನೆಯವಳು, ಆರೋಗ್ಯ ಕೇಂದ್ರದಲ್ಲಿ ಕೆಲಸ. ತಿಂಗಳಿಗೊಮ್ಮೆ ತಾಯಿಯ ಬಿಪಿ ನೋಡಲು ಬರುತ್ತಿದ್ದಳು. ತೋಳಿಗೆ ಪಟ್ಟಿ ಸುತ್ತುತ್ತಿದ್ದಂತೆ ತಾಯಿ ಶುರು ಮಾಡಿದಳು.

"ಬಿಪಿ ಏರದೆ ಇನ್ನೇನಾಗುತ್ತೆ? ಸೊಸೆ ಮನಸ್ಸಲ್ಲಿ ಬೇರೆ ಗಂಡಸಂತೆ."

"ಅಮ್ಮಾ, ಐದು ನಿಮಿಷ ಸುಮ್ನಿರಿ, ಮಾತಾಡಿದ್ರೆ ಯಂತ್ರ ಸುಳ್ಳು ಹೇಳುತ್ತೆ." ಅಳೆದು ಮುಗಿಸಿದ ಮೇಲೆ ನರ್ಸಕ್ಕ ಪೇಂಟರ್ ಕಡೆ ತಿರುಗಿದಳು. "ತಮ್ಮಾ, ನೀನು ಹಾಕಿದ್ದನ್ನ ನಮ್ಮ ಕೇಂದ್ರದ ಕಾವಲುಗಾರ ಕೂಡ ನೋಡಿದ. ನಿನ್ನ ಹೆಂಡತಿಗೆ ಫೋನ್ ಮಾಡಿ ಮಾತಾಡ್ಸಿದೆ, ಈಗ ನಿನ್ನನ್ನ ಒಂದು ಕೇಳ್ತೀನಿ. ಆ ದಿನ ನೀನೂ ನಿನ್ನ ಮನಸ್ಸಿಂದು ಏನೋ ಹೇಳಿದ್ದೆಯಂತಲ್ಲ. ಅದನ್ನ ಯಾಕೆ ಬರೀಲಿಲ್ಲ?"

ಅವನು ಉಗುರಿನ ಬಣ್ಣ ಕೆರೆಯುತ್ತ ಕೂತ. "ಅದು ಬೇರೆ ಅಕ್ಕ. ಗಂಡಸರಿಗೆ ಬರುತ್ತೆ."

"ಹೆಂಗಸರಿಗೂ ಬರುತ್ತೆ. ಮದುವೆಯಾಗಿ ಸುಖವಾಗಿರೋರಿಗೂ ಬರುತ್ತೆ. ಮನಸ್ಸಲ್ಲಿ ಒಂದು ಕಲ್ಪನೆ ಬಂತು ಅಂದ್ರೆ ಅದನ್ನ ಮಾಡಬೇಕು ಅಂತ ಆಸೆ ಇದೆ ಅಂತಲ್ಲ. ಮಾಡಿದಂಗಂತೂ ಅಲ್ಲವೇ ಅಲ್ಲ. ಕೋಪ ಬಂದಾಗ ನೀನು ಎಷ್ಟು ಜನರನ್ನ ಮನಸ್ಸಲ್ಲೇ ಹೊಡೆದಿಲ್ಲ? ಪೊಲೀಸರು ಬಂದ್ರಾ?"

"ಆದ್ರೆ ಅವಳಿಲ್ಲದಾಗ ಮೊಬೈಲ್ ತೆಗೆದು ನೋಡಿದೆ ಅಕ್ಕ, ಮಾಸ್ಟರ್ 'ಬೇಗ ಬಾ' ಅಂದಿದ್ರು. ನನಗೆ ಸಂಕಟ ಆಯ್ತಲ್ಲ. ಅದಕ್ಕೇನು ಬೆಲೆ ಇಲ್ವಾ?"

"ಇದೆ. ಹೊಟ್ಟೆಕಿಚ್ಚಾಗೋದು ತಪ್ಪಲ್ಲ. 'ನನಗೆ ಕಷ್ಟ ಆಯ್ತು, ಇನ್ನು ಇಂಥದ್ದು ಹೇಳಬೇಡ' ಅಂತ ಅವಳಿಗೇ ಹೇಳಬಹುದಿತ್ತು. ನಿಮ್ಮಿಬ್ಬರಿಂದ ಆಗದಿದ್ರೆ ನಮ್ಮ ಕೇಂದ್ರದಲ್ಲಿ ಆಪ್ತ ಸಮಾಲೋಚಕರಿದ್ದಾರೆ, ಅವರ ಮುಂದೆ ಕೂರಬಹುದಿತ್ತು. ನೀನು ಅವಳ ಮೊಬೈಲ್ ಕದ್ದು ನೋಡಿದೆ. ಅವಳು ನಂಬಿ ಹೇಳಿದ್ದನ್ನ ಊರಿಗೆ ಹಂಚಿದೆ. ಸಾಲದು ಅಂತ ಪಾಪದ ಮುದುಕನನ್ನ ಎಳ್ಕೊಂಡು ಬಂದು ರೈಲಲ್ಲಿ ಕೂರಿಸಿದೆ. ಇದರಲ್ಲಿ ಅವಳು ಮಾಡಿದ್ದೇನು? ಕಣ್ಣು ಮುಚ್ಚಿದ್ದು."

ತಾಯಿ ಬಾಯಿ ಹಾಕಿದಳು. "ಹೇಳೋದಾದ್ರೂ ಯಾಕಮ್ಮ? ನಮ್ಮ ಕಾಲದಲ್ಲಿ ಇಂಥದ್ದನ್ನ ಯಾರು ಗಂಡನಿಗೆ ಹೇಳ್ತಿದ್ರು?"

"ಹೇಳ್ತಿರಲಿಲ್ಲ. ಬರ್ತಿರಲಿಲ್ಲವಾ?"

ತಾಯಿ ತೋಳಿನ ಮೇಲೆ ಪಟ್ಟಿ ಬಿಗಿದ ಗುರುತನ್ನು ಉಜ್ಜುತ್ತ ಕೂತಳು. ಮಗನ ಕಡೆ ನೋಡದೆ ಹೇಳಿದಳು: "ನಿಮ್ಮಪ್ಪನ ಜೊತೆ ಮೂವತ್ತಾರು ವರ್ಷ ಇದ್ದೆ. ನನ್ನ ಮನಸ್ಸಲ್ಲಿ ಏನಿದೆ ಅಂತ ಆತ ಒಂದು ದಿನ ಕೇಳಲಿಲ್ಲ, ನಾನು ಹೇಳಲಿಲ್ಲ. ನಿನ್ನ ಹೆಂಡತಿ ಹೇಳಿದಳು. ನಿನ್ನನ್ನ ಅಷ್ಟು ನಂಬಿದ್ದಳು ಕಣೋ. ತೆಗೀ ಅದನ್ನ, ಈಗಲೇ."

ಅವನು ಅಳುತ್ತಲೇ ತೆಗೆದ. ಆದರೆ ಅಷ್ಟರಲ್ಲಿ ಅದು ನೂರಾರು ಗುಂಪುಗಳಿಗೆ ಹೋಗಿತ್ತು. ಇವನು ಅಳಿಸಿದ್ದು ತನ್ನ ಪುಟದಲ್ಲಿದ್ದದ್ದು ಮಾತ್ರ. ನರ್ಸಕ್ಕ ಹೇಳಿಕೊಟ್ಟಂತೆ, ಮತ್ತೆ ಹಾಕಿದವರ ಮೇಲೆ ಜಾಲತಾಣದವರಿಗೆ ದೂರು ಕೊಟ್ಟ. ಒಂದು ಕಡೆ ತೆಗೆದರೆ ಎರಡು ಕಡೆ ಕಾಣಿಸಿತು.

ಅಕ್ಕನ ಮನೆಗೆ ಹೋಗಿ ಹೆಂಡತಿಯ ಮುಂದೆ ಅಳುತ್ತ ಕೂತ. "ಕ್ಷಮೆ ಕೇಳಿ ಒಂದು ಕಥೆ ಬರೀತೀನಿ. ಗಡ್ಡ ಜುಟ್ಟಿನ ಕಾಲು ಹಿಡಿದಂಗೆ."

"ಈ ಅಳುವನ್ನೂ ಬರೀತೀರಾ?" ಎಂದಳು ಅವಳು. "ನನ್ನ ಬಗ್ಗೆ ಇನ್ನೊಂದು ಗೆರೆ ಎಳೆಯಬೇಡಿ."

ಕೊನೆಗೆ ಅವನು ಚಿತ್ರವಿಲ್ಲದೆ ಮೂರು ಸಾಲು ಬರೆದ. ಕಳೆದ ಕಥೆಯಲ್ಲಿ ತಾನು ಬರೆದ ಮುಖ ತಾನೇ ಕಟ್ಟಿದ ಸುಳ್ಳು, ತಪ್ಪು ತನ್ನದು, ಯಾರೂ ಅದನ್ನು ಮುಂದೆ ಕಳಿಸಬಾರದು ಎಂದು. ಹಾಕುವ ಮುಂಚೆ ಅವಳಿಗೆ ಓದಿ ತೋರಿಸಿದ. "ನನ್ನ ಪ್ರೀತಿಯ ಹೆಂಡತಿ" ಎಂಬ ಮಾತನ್ನು ಅವಳು ಹೊಡೆದುಹಾಕಿದಳು. ಉಳಿದದ್ದು ಇರಲಿ ಎಂದಳು.

ಮಾಸ್ಟರ ಮನೆಗೂ ಹೋದ. ಅವರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು, ಒಳಗೆ ಕರೆಯಲಿಲ್ಲ. ಮಾಸ್ಟರ್ ಮೆಟ್ಟಿಲಿಗೆ ಬಂದು ಹೇಳಿದರು: "ಇವಳು ನನ್ನನ್ನ ನಂಬಿದ್ದಾಳಪ್ಪ, ಅದು ಸರಿ ಹೋಯ್ತು. ಆದ್ರೆ ಯಾರ ಯಂತ್ರದ ಹತ್ರ ಹೋಗಿ ಕಾಲರ್ ತಿದ್ದೋಕೂ ಈಗ ನನಗೆ ಭಯ. ಹೆಣ್ಣುಮಕ್ಕಳು ಮುಖ ಮುಖ ನೋಡ್ಕೋತಾರೆ. ಹೋಗಿ ಬಾ." ಅಷ್ಟೇ.

ಮೂರು ವಾರದ ಮೇಲೆ ಅವಳು ಮನೆಗೆ ಬಂದಳು. ಹಳೆಯ ಘಟಕಕ್ಕೆ ಮರಳಿ ಹೋಗಲಿಲ್ಲ. ಈಗ ಮುಕ್ಕಾಲು ಗಂಟೆ ನಡೆದು ಇನ್ನೊಂದು ಕಡೆ ದಿಂಬಿನ ಕವರ್ ಹೊಲಿಯುತ್ತಾಳೆ. ಗಂಡನ ಜೊತೆ ಎರಡು ಸಲ ಸಮಾಲೋಚಕರ ಬಳಿ ಹೋಗಿದ್ದಾಳೆ, ಇನ್ನೂ ಹೋಗುವವಳಿದ್ದಾಳೆ. ಅವನು ಅವಳ ಮೊಬೈಲ್ ಮುಟ್ಟುವುದಿಲ್ಲ, ಚಿತ್ರಕಥೆ ನಿಲ್ಲಿಸಿದ್ದಾನೆ. ಒಟ್ಟಿಗೆ ಉಣ್ಣುತ್ತಾರೆ. ಅತ್ತೆ ತಮಾಷೆ ಮಾಡಿದರೆ ಸೊಸೆ ಸಣ್ಣಗೆ ನಗುತ್ತಾಳೆ. ಕಿಟಕಿಯ ಹತ್ತಿರ ಬಟ್ಟೆ ಮಡಚುವಾಗ ಒಮ್ಮೊಮ್ಮೆ ಅವಳ ಕೈ ನಿಲ್ಲುತ್ತದೆ. "ಏನು ಯೋಚ್ನೆ?" ಎಂದು ಅವನು ಕೇಳುತ್ತಾನೆ.

"ಏನಿಲ್ಲ," ಎನ್ನುತ್ತಾಳೆ.

ಆ 'ಏನಿಲ್ಲ' ಎಷ್ಟು ದಿನ ಇರುತ್ತದೋ ನರ್ಸಕ್ಕನಿಗೂ ಗೊತ್ತಿಲ್ಲ.

ಈಗ ನಿಮಗೆ ಹೇಳುವುದು. ನಿಮ್ಮನ್ನು ನಂಬಿ ಹೇಳಿದ ಮಾತು ನಿಮ್ಮ ಸ್ವತ್ತಲ್ಲ, ಅದು ಹೇಳಿದವರದೇ. ತಮಾಷೆಗೂ, ಕೋಪಕ್ಕೂ, ಹೆಸರು ಮರೆಸಿಯೂ ಅದನ್ನು ಹೊರಗೆ ಹಾಕಬೇಡಿ. ಸಂಶಯ ಬಂದರೆ ಮೊಬೈಲ್ ಕದ್ದು ನೋಡುವ ಬದಲು ಎದುರು ಕೂತು ಕೇಳಿ. ಕೇಳಲು ಬಾಯಿ ಬರದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸಹಾಯ ಕೇಳಿ, ನಾಚಿಕೆ ಬೇಡ. ಯಾರದೋ ಮನೆಯ ಗುಟ್ಟು ನಿಮ್ಮ ಮೊಬೈಲಿಗೆ ಬಂದರೆ ಅಳಿಸಿ. ಊಟದ ಬೆಂಚಿನಲ್ಲಿ ನಕ್ಕ ಏಳೆಂಟು ಜನರೂ ಈ ಪಾಪದಲ್ಲಿ ಪಾಲುದಾರರೇ.

ಇವತ್ತೇ ಒಂದು ಕೆಲಸ ಮಾಡಿ. ಮನೆಯವರ ಬಗ್ಗೆ ನೀವು ಹಾಕಿರುವುದನ್ನೆಲ್ಲ ಅವರಿಗೇ ತೋರಿಸಿ, "ಇದು ಇರಲಾ, ತೆಗೀಲಾ?" ಎಂದು ಕೇಳಿ. ತೆಗೆ ಎಂದರೆ ಯಾಕೆ ಎಂದು ಕೇಳದೆ ತೆಗೆಯಿರಿ.