ಗಟ್ಟಿಗಿತ್ತಿ

ಹೆರಿಗೆ ಶುಶ್ರೂಷೆಯ ಪಾಠ ಹೇಳುತ್ತಿದ್ದ ಮೇಡಂ ಮತ್ತು ಅವರ ತಮ್ಮ ಒಂದೇ ಮನೆಯಲ್ಲಿದ್ದರು, ಒಂದೇ ಕಾಲೇಜಿಗೆ ಕೆಲಸಕ್ಕೆ ಹೋಗುತ್ತಿದ್ದರು. ಮೇಡಂ ಅರ್ಧ ಆಯುಷ್ಯವನ್ನು ಹೆರಿಗೆ ವಾರ್ಡಿನಲ್ಲಿ ನಿಂತೇ ಕಳೆದವರು. ಮೊಣಕಾಲು ಮುಷ್ಕರ ಹೂಡಿದ ಮೇಲೆ ಪಾಠ ಹೇಳಲು ಬಂದಿದ್ದರು. ತಮ್ಮ ಮೊದಲು ವಿಡಿಯೋ ಗೇಮ್ ಕಂಪನಿಯಲ್ಲಿದ್ದ. ಅದು ಬಾಗಿಲು ಹಾಕಿದಾಗ ಕಾಲೇಜಿನ ಆನ್‌ಲೈನ್ ಕೋರ್ಸುಗಳನ್ನು ರೂಪಿಸುವ ವಿಭಾಗದಲ್ಲಿ ಕೆಲಸ ಸಿಕ್ಕಿತು.

"ಇಷ್ಟು ದಿನ ಜನರನ್ನ ಸಾಯಿಸೋ ಆಟ ಮಾಡಿದೆ, ಇನ್ನು ಹುಟ್ಟಿಸೋ ಆಟ ಮಾಡು" ಎಂದು ಅಕ್ಕ ನಕ್ಕಿದ್ದರು.

ಅಕ್ಕ ಹೇಳಿದಂತೆ ತಮ್ಮ ಒಂದು ಹೆರಿಗೆ ವಾರ್ಡನ್ನೇ ಕಂಪ್ಯೂಟರಿನೊಳಗೆ ಕಟ್ಟಿದ. ವಿದ್ಯಾರ್ಥಿಗಳು ತಂತಮ್ಮ ಮನೆಯಲ್ಲಿ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು, ಎರಡೂ ಕೈಯಲ್ಲಿ ಹಿಡಿಕೆ ಹಿಡಿದುಕೊಂಡರೆ ಸಾಕು. ಬೇರೆ ಬೇರೆ ಊರಿನವರು ಒಂದೇ ಮಂಚದ ಸುತ್ತ ನಿಂತಿರುತ್ತಿದ್ದರು. ಮಂಚದ ಮೇಲೆ ಆಗಷ್ಟೇ ಹೆತ್ತ ಹೆಂಗಸು. ಹಠಾತ್ತನೆ ಅವಳಿಗೆ ರಕ್ತಸ್ರಾವ ಶುರುವಾಗುತ್ತದೆ. ಏನು ಮಾಡಬೇಕು, ಯಾವುದರ ಹಿಂದೆ ಯಾವುದು, ಯಾರನ್ನು ಕೂಗಿ ಕರೆಯಬೇಕು ಎನ್ನುವುದೇ ಪಾಠ.

ಕಟ್ಟುವಾಗ ಅಕ್ಕ ತಮ್ಮನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. "ಇದೇನೋ ಹೋಟೆಲ್ ರೂಮ್ ಇದ್ದ ಹಾಗಿದೆ. ಗೋಡೆಗೆ ಒಂದು ಕಲೆ ಆದ್ರೂ ಹಾಕು. ರಕ್ತ ಇಷ್ಟು ಕೆಂಪಗಿರಲ್ಲ. ಅವಳ ಮುಖ ನೋಡು, ಮದುವಣಗಿತ್ತಿ ಕೂತ ಹಾಗಿದೆ. ಹೆತ್ತವಳ ಮುಖ ಹಾಗಿರುತ್ತಾ? ತುಟಿ ಒಣಗಿರ್ಬೇಕು, ಕೂದಲು ಹಣೆಗೆ ಅಂಟಿರ್ಬೇಕು." ತಮ್ಮ ಗೊಣಗುತ್ತಲೇ ತಿದ್ದುತ್ತಿದ್ದ. ತಿದ್ದಿದ ಮೇಲೆ ಅವನಿಗೇ ಆ ಮುಖದಿಂದ ಕಣ್ಣು ಕೀಳಲಾಗುತ್ತಿರಲಿಲ್ಲ.

ಒಂದು ಮಾತಿಗೆ ಮಾತ್ರ ಇಬ್ಬರಿಗೂ ಜಟಾಪಟಿಯಾಯಿತು. ಎಲ್ಲವನ್ನೂ ಸರಿಯಾಗಿ ಮಾಡಿದರೂ ಒಮ್ಮೊಮ್ಮೆ ಆ ಹೆಂಗಸು ಸಾಯಬೇಕು ಎಂದು ಅಕ್ಕ ಪಟ್ಟು ಹಿಡಿದರು.

"ಸರಿಯಾಗಿ ಮಾಡಿದ್ರೂ ಸಾಯೋದು ಯಾಕೆ? ಆಟದ ನಿಯಮವೇ ಕೆಟ್ಟುಹೋಗುತ್ತಲ್ಲ ಅಕ್ಕ."

"ಆ ನಿಯಮ ನಾನು ಮಾಡಿದ್ದಲ್ಲ ಕಣೋ. ಇದ್ದದ್ದನ್ನ ಹೇಳ್ತಿದ್ದೀನಿ."

ಅಕ್ಕನ ಮಾತೇ ನಡೆಯಿತು. ಮೊದಲ ತಂಡ ಪಾಠಕ್ಕೆ ಬಂತು. ಮಂಚದ ಮೇಲಿನ ಹೆಂಗಸು ಸತ್ತಾಗ ಕೆಲವರು ಹೆಡ್‌ಸೆಟ್ ಕಿತ್ತೆಸೆದು ಅತ್ತರು. ಒಬ್ಬಳ ತಾಯಿ ಕಾಲೇಜಿಗೆ ಫೋನ್ ಮಾಡಿ, ದುಡ್ಡು ಕೊಟ್ಟು ಮಗಳನ್ನು ಅಳಿಸಿಕೊಳ್ಳಬೇಕೇ ಎಂದು ಕೂಗಾಡಿದಳು. ಒಂದಷ್ಟು ಮಂದಿ ಕೋರ್ಸನ್ನೇ ಬಿಟ್ಟರು. ಆನ್‌ಲೈನ್ ವಿಭಾಗದ ನಿರ್ದೇಶಕರು ಅಕ್ಕ ತಮ್ಮ ಇಬ್ಬರನ್ನೂ ಕರೆಸಿದರು. ಅವರೇನೂ ಕೆಟ್ಟ ಮನುಷ್ಯರಲ್ಲ, ಮಾತಿನಲ್ಲಿ ಮೃದು. "ಮಕ್ಕಳು ಮತ್ತೆ ಮತ್ತೆ ಬರಬೇಕು ಅನ್ನಿಸೋ ಹಾಗಿರ್ಬೇಕು ಮೇಡಂ ಪಾಠ. ಶ್ರಮಪಟ್ಟವರಿಗೆ ಫಲ ಸಿಗದಿದ್ರೆ ಯಾರು ತಾನೇ ಬರ್ತಾರೆ?" ಎಂದರು.

ಮೇಡಂ ತಮ್ಮನ ಮುಖ ನೋಡಿದರು. ಅವನು ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ನೋಡುತ್ತ, "ತೆಗೆಯೋದು ಕಷ್ಟ ಇಲ್ಲ ಸಾರ್" ಎಂದ.

ಮನೆಗೆ ಬಂದ ಮೇಲೆ ಮೇಡಂ, "ನೀನು ಕಟ್ಟಿದ ಲೋಕ, ನಿನ್ನಿಷ್ಟ" ಎಂದಷ್ಟೇ ಹೇಳಿ ಒಳಗೆ ಹೋದರು.

ಅಲ್ಲಿಂದಾಚೆಗೆ ಮಾಡಬೇಕಾದ್ದನ್ನೆಲ್ಲ ಮಾಡಿದರೆ ಆ ಹೆಂಗಸು ಬದುಕಲೇಬೇಕು. ಅವಳ ಕೆನ್ನೆಗೆ ಬಣ್ಣ ಮರಳುತ್ತಿತ್ತು, ತೊಟ್ಟಿಲಲ್ಲಿ ಮಗು ಅಳುತ್ತಿತ್ತು, ಗೋಡೆಯ ಮೇಲೆ ನಕ್ಷತ್ರಗಳು ಮೂಡುತ್ತಿದ್ದವು. ಕೋರ್ಸಿಗೆ ಜನ ಮುಗಿಬಿದ್ದರು. ದಿನವಿಡೀ ಸಾವಿನ ಬಾಗಿಲು ತಟ್ಟಿ ವಾಪಸು ಬರುವ ಆ ಹೆಂಗಸಿಗೆ ವಿದ್ಯಾರ್ಥಿಗಳು ಗಟ್ಟಿಗಿತ್ತಿ ಎಂದು ಹೆಸರಿಟ್ಟರು. "ಇವತ್ತು ಗಟ್ಟಿಗಿತ್ತಿನ ಉಳಿಸಿದ್ಯಾ?" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು.

ಅವರಲ್ಲಿ ಎಲ್ಲರಿಗಿಂತ ಚುರುಕು ಗುಬ್ಬಿ. ಆಳು ಚಿಕ್ಕದಾದ್ದರಿಂದ ಬಂದ ಅಡ್ಡಹೆಸರು. ಅವಳ ಅಪ್ಪ ಶಾಲೆಯ ವ್ಯಾನ್ ಓಡಿಸುತ್ತಿದ್ದ, ಅಮ್ಮ ಬಟ್ಟೆ ಹೊಲಿಯುತ್ತಿದ್ದಳು. ಮನೆಯಲ್ಲಿ ಇದ್ದದ್ದೇ ಒಂದು ದೊಡ್ಡ ಕೋಣೆ. ಗುಬ್ಬಿಯ ಪಾಠದ ಹೊತ್ತಿಗೆ ಅಮ್ಮ ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಜಾಗ ಮಾಡಿಕೊಡುತ್ತಿದ್ದಳು. ಮೂಲೆಯಲ್ಲಿ ಕೂತ ಅಜ್ಜಿ, "ಬನ್ನಿ ಬನ್ನಿ, ನನ್ನ ಮೊಮ್ಮಗಳು ಗಾಳಿಗೆ ಹೆರಿಗೆ ಮಾಡಿಸ್ತಾಳೆ" ಎಂದು ಅಕ್ಕಪಕ್ಕದವರನ್ನು ಕರೆಯುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಹೆಡ್‌ಸೆಟ್ಟಿನೊಳಗಿಂದ ಗುಬ್ಬಿಯೂ ನಗುತ್ತಿದ್ದಳು. ಆದರೆ ಅವಳ ಕೈ ಎಲ್ಲೂ ತಪ್ಪುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಇಂಥ ಕೈ ನೋಡಿಲ್ಲ ಎಂದು ಮೇಡಂ ತಮ್ಮನ ಮುಂದೆ ಹೇಳಿದ್ದರು. ಅದನ್ನು ಕೇಳಿ ತನ್ನ ಕೆಲಸವೂ ಸಾರ್ಥಕವಾಯಿತು ಎಂದುಕೊಂಡಿದ್ದ ಅವನು.

ಪಾಠ ಮುಗಿಸಿದವರನ್ನು ತರಬೇತಿಗೆಂದು ಆಸ್ಪತ್ರೆಗಳಿಗೆ ಕಳಿಸಿದರು. ಗುಬ್ಬಿ ತನ್ನೂರಿನ ಆಸ್ಪತ್ರೆಗೆ ಹೋದಳು.

ಕೆಲವು ವಾರಗಳ ನಂತರ ಒಂದು ಬೆಳಗ್ಗೆ ತಮ್ಮ ಚಹಾ ಕುಡಿಯುತ್ತ ಫೋನಿನಲ್ಲಿ ವಿದ್ಯಾರ್ಥಿಗಳ ಅಂಕ ನೋಡುತ್ತಿದ್ದವನು ಖುಷಿಯಿಂದ, "ಅಕ್ಕ, ನಿನ್ನ ಗುಬ್ಬಿಗೆ ಹುಚ್ಚು ಹಿಡಿದಿದೆ. ಕೋರ್ಸ್ ಮುಗಿದ್ರೂ ಬಿಡ್ತಿಲ್ಲ. ಬೆಳಗ್ಗೆ ಎದ್ದರೆ ಅದೇ ಪಾಠ, ಮಲಗೋ ತನಕ ಅದೇ ಪಾಠ. ಪ್ರತಿ ಸಲವೂ ಪೂರ್ತಿ ಅಂಕ. ನಿರ್ದೇಶಕರು ನೋಡಿ ಕುಣಿದಾಡಿಬಿಟ್ರು" ಎಂದ.

ಮೇಡಂ ಲೋಟ ಕೆಳಗಿಟ್ಟರು. "ದಿನವಿಡೀ ಅಂದ್ರೆ? ಅವಳು ಆಸ್ಪತ್ರೆಗೆ ಹೋಗ್ತಿಲ್ವಾ?"

ತಮ್ಮನಿಗೆ ಅದು ಹೊಳೆದೇ ಇರಲಿಲ್ಲ.

ಮೇಡಂ ಆ ಆಸ್ಪತ್ರೆಯ ಹಿರಿಯ ನರ್ಸಿಗೆ ಫೋನ್ ಹಚ್ಚಿದರು. ಆಕೆ ಎಲ್ಲ ಹೇಳಿದಳು. ಹೋದ ವಾರ ಒಬ್ಬ ಹೆಂಗಸಿಗೆ ಹೆರಿಗೆಯಾದ ಮೇಲೆ ರಕ್ತಸ್ರಾವ ಶುರುವಾಯಿತಂತೆ. ಮೊದಲು ಕಂಡದ್ದು ಗುಬ್ಬಿಗೆ, ಕೂಗಿದ್ದೂ ಅವಳೇ. ಉಳಿದವರೆಲ್ಲ ಓಡಿಬಂದರಂತೆ, ಡಾಕ್ಟರೂ ಬಂದರಂತೆ, ಆಪರೇಷನ್ ಕೋಣೆಗೂ ಸಾಗಿಸಿದರಂತೆ. ಉಳಿಯಲಿಲ್ಲ. "ಆ ಹುಡುಗಿಯದ್ದು ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ ಮೇಡಂ. ಅವಳು ನೋಡಿರದಿದ್ರೆ ಅಷ್ಟೊತ್ತೂ ಉಳೀತಿರ್ಲಿಲ್ಲ. ಮಾರನೇ ದಿನದಿಂದ ಬಂದಿಲ್ಲ. ಫೋನೂ ಎತ್ತಲ್ಲ."

ಮೇಡಂ ಅಂದೇ ಬಸ್ಸು ಹತ್ತಿದರು.

ಗುಬ್ಬಿಯ ಮನೆಯ ಬಾಗಿಲು ತೆರೆದೇ ಇತ್ತು. ಅಜ್ಜಿ ಬಾಗಿಲಲ್ಲಿ ಸುಮ್ಮನೆ ಕೂತಿದ್ದಳು. ಒಳಗೆ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹಾಗೇ ಬಿದ್ದಿತ್ತು. ಕೋಣೆಯ ನಡುವೆ ಗುಬ್ಬಿ ಹೆಡ್‌ಸೆಟ್ ಕಟ್ಟಿಕೊಂಡು ಬಾಗಿ ನಿಂತಿದ್ದಳು. ಕೈ ಗಾಳಿಯಲ್ಲಿ ಒತ್ತುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಒತ್ತುತ್ತಿತ್ತು.

"ಬಂದ ದಿನದಿಂದ ಹೀಗೇ ಮೇಡಂ" ಎಂದು ಅವಳಮ್ಮ ಪಿಸುಗುಟ್ಟಿದಳು. "ನಿದ್ದೆಯಲ್ಲೂ ಕೈ ಆಡಿಸ್ತಾಳೆ. ಕಿತ್ತಿಟ್ಟುಬಿಡೋಣ ಅಂದ್ರೆ ಅವರಪ್ಪ ಬೇಡ ಅಂದ್ರು. ಅದೊಂದಾದ್ರೂ ಮಾಡ್ತಿದ್ದಾಳಲ್ಲ ಅಂತ."

ಮೇಡಂ ಪಾಠ ಮುಗಿಯುವವರೆಗೆ ಕಾದರು. ಹೆಡ್‌ಸೆಟ್ಟಿನೊಳಗಿಂದ ಮಗುವಿನ ಅಳು ಸಣ್ಣಗೆ ಕೇಳಿಸಿತು. ಆಮೇಲೆ ಹತ್ತಿರ ಹೋಗಿ ಅವಳ ಭುಜದ ಮೇಲೆ ಕೈಯಿಟ್ಟು, ತಾವೇ ಅದನ್ನು ಬಿಚ್ಚಿದರು. ಕಣ್ಣಿನ ಸುತ್ತ ಪಟ್ಟಿಯ ಗುರುತು ಕೆಂಪಗೆ ಕೂತಿತ್ತು. ಗುಬ್ಬಿ ಮೇಡಮ್ಮನ್ನು ಕಂಡು ಆಶ್ಚರ್ಯಪಡಲಿಲ್ಲ, ಇಷ್ಟು ಹೊತ್ತೂ ಅವರೊಂದಿಗೇ ಮಾತಾಡುತ್ತಿದ್ದವಳಂತೆ ಕೇಳಿದಳು:

"ಯಾವುದು ಬಿಟ್ಟೆ ಮೇಡಂ? ಹೊಟ್ಟೆ ಒತ್ತಿದೆ. ಕೂಗಿದೆ. ಸಿಸ್ಟರ್ ಇಂಜೆಕ್ಷನ್ ಕೊಟ್ರು, ನಾನೇ ಕೈಗೆತ್ತಿ ಕೊಟ್ಟಿದ್ದು. ಡ್ರಿಪ್ ಹಾಕಿದ್ವಿ. ಮಗು ಬಂದ ಮೇಲೆ ಮಾಸು ಪೂರ್ತಿ ಬಂದಿತ್ತು, ತಿರುಗಿಸಿ ನೋಡಿದೆ. ಇಲ್ಲಿ ಹೇಗೆ ಮಾಡ್ತೀನೋ ಅಲ್ಲೂ ಹಾಗೇ ಮಾಡಿದೆ. ಇಲ್ಲಿ ಬದುಕ್ತಾಳೆ. ಪ್ರತಿ ಸಲ ಬದುಕ್ತಾಳೆ."

"ಏನೂ ಬಿಟ್ಟಿಲ್ಲಮ್ಮ ನೀನು."

"ಬಿಟ್ಟಿರದಿದ್ರೆ ಬದುಕಬೇಕಿತ್ತಲ್ಲ?"

"ಹಾಗೇನಿಲ್ಲ ಮಗಳೇ. ಎಲ್ಲ ಸರಿಯಾಗಿ ಮಾಡಿದ್ರೂ ಕೆಲವರು ಉಳಿಯಲ್ಲ. ನನ್ನ ಕೈಯಲ್ಲೂ ಹೋಗಿದ್ದಾರೆ."

ಗುಬ್ಬಿ ಅವರನ್ನು ದಿಟ್ಟಿಸಿ ನೋಡಿದಳು. "ಅದನ್ನ ನೀವು ಹೇಳಿಕೊಟ್ಟಿರ್ಲಿಲ್ಲ ಮೇಡಂ" ಎಂದಳು. ದೂರುವ ದನಿಯಲ್ಲ ಅದು, ಇಲ್ಲದ್ದನ್ನು ಇಲ್ಲ ಎನ್ನುವ ದನಿ.

ತಮ್ಮನನ್ನೋ ನಿರ್ದೇಶಕರನ್ನೋ ಮುಂದೆ ಮಾಡಬಹುದಿತ್ತು, ಮೇಡಂ ಮಾಡಲಿಲ್ಲ. ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. ಆಗ ಗುಬ್ಬಿ ಅತ್ತಳು. ಸತ್ತ ಹೆಂಗಸಿನ ಗಂಡ ವಾರ್ಡಿನ ಹೊರಗೆ ಮಗುವಿಗೆಂದು ತಂದ ಟೋಪಿ ಹಿಡಿದು ನಿಂತಿದ್ದನಂತೆ. ಎಲ್ಲರೂ ಒಳಗೆ ಓಡಾಡುತ್ತಿದ್ದಾಗ ಅವನು ಗುಬ್ಬಿಯನ್ನೇ ತಡೆದು, "ಚೆನ್ನಾಗಿದ್ದಾಳಾ?" ಎಂದು ಕೇಳಿದನಂತೆ. ಇವಳು, "ಚೆನ್ನಾಗಿರ್ತಾರೆ" ಎಂದಳಂತೆ. ಬಾಗಿಲಲ್ಲಿದ್ದ ಅಜ್ಜಿ ಮುಖಕ್ಕೆ ಸೆರಗು ಮುಚ್ಚಿಕೊಂಡಳು.

ಹೊರಡುವಾಗ ಮೇಡಂ ಹೆಡ್‌ಸೆಟ್ಟನ್ನು ಚೀಲಕ್ಕೆ ಹಾಕಿಕೊಂಡರು. ಗುಬ್ಬಿ ಬೇಡ ಎನ್ನಲಿಲ್ಲ.

ತಮ್ಮ ಅಡುಗೆ ಮಾಡಿಟ್ಟು, ತಾನೂ ಉಣ್ಣದೆ ಕಾಯುತ್ತಿದ್ದ. ಅಕ್ಕ ನಡೆದದ್ದನ್ನೆಲ್ಲ ಹೇಳಿದರು. ಅವನು ಕೈತೊಳೆಯುವ ಬಚ್ಚಲ ಮುಂದೆ ಹೋಗಿ ಬೆನ್ನು ತಿರುಗಿಸಿ ನಿಂತ.

"ಬೈದುಬಿಡು ಅಕ್ಕ."

"ಬೈದು ಏನು ಮಾಡ್ಲಿ? ನಾನೂ ಸುಮ್ಮನಾದೆನಲ್ಲ. ಕೋಪಿಸ್ಕೊಂಡು ಬಾಗಿಲು ಹಾಕ್ಕೊಂಡೆ. ಮಕ್ಕಳಿಗೆ ಬಾಯಿಬಿಟ್ಟಾದ್ರೂ ಹೇಳಬಹುದಿತ್ತು."

ಮರುದಿನ ಇಬ್ಬರೂ ನಿರ್ದೇಶಕರ ಬಳಿ ಹೋದರು. ತಮ್ಮನೇ ಮಾತಾಡಿದ. ಗುಬ್ಬಿಯ ಪೂರ್ತಿ ಅಂಕಗಳ ಸಾಲನ್ನು ಪರದೆಯ ಮೇಲೆ ತೋರಿಸಿ, ಯಾವ ದಿನದಿಂದ, ಯಾಕೆ ಎಂದು ಹೇಳಿ, ಸಾವನ್ನು ಪಾಠಕ್ಕೆ ಮತ್ತೆ ಸೇರಿಸಬೇಕು ಎಂದ. ನಿರ್ದೇಶಕರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಿ, ಆಮೇಲೆ ಅವರನ್ನು ಒಂಟಿಯಾಗಿ ಬಿಡಬೇಡಿ ಎಂದಷ್ಟೇ ಹೇಳಿದರು.

ಸಾವು ಪಾಠಕ್ಕೆ ಮರಳಿತು. ಗೋಡೆಯ ನಕ್ಷತ್ರಗಳನ್ನು ತಮ್ಮ ಅಳಿಸಿದ. ಅಕ್ಕ ಹೇಳಿದಂತೆ ವಾರ್ಡಿನ ಹೊರಗೊಂದು ಓಣಿ ಕಟ್ಟಿದ, ಅಲ್ಲೊಂದು ಬೆಂಚು ಇಟ್ಟ. ಬೆಂಚಿನ ಮೇಲೆ ಸತ್ತವಳ ತಾಯಿಯಾಗಿ ಮೇಡಮ್ಮೇ ಕೂರುತ್ತಿದ್ದರು. ಒಳಗೆ ಎಲ್ಲ ಮುಗಿದ ಮೇಲೆ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಹೇಳಬೇಕು. ಕೆಲವರು ತೊದಲುತ್ತಿದ್ದರು, ಕೆಲವರು ನೆಲ ನೋಡುತ್ತ ನಿಲ್ಲುತ್ತಿದ್ದರು. ಒಬ್ಬ ಹುಡುಗ ಏನೂ ಹೇಳಲಾಗದೆ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತುಬಿಟ್ಟ. "ಅದೂ ಸರೀನೇ ಕಣಪ್ಪ. ಆದ್ರೆ ಬಾಯಿಬಿಟ್ಟು ಹೇಳ್ಬೇಕು. ನಿಧಾನಕ್ಕೆ ಹೇಳು" ಎಂದರು ಮೇಡಂ. ಈ ಸಲವೂ ಕೆಲವರು ಕೋರ್ಸು ಬಿಟ್ಟರು.

ಗುಬ್ಬಿ ಕಾಲೇಜಿಗೆ ಮರಳಲಿಲ್ಲ. ಊರಿನ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ ಎಂದು ತಿಳಿದು ಮೇಡಂ ಒಮ್ಮೆ ನೋಡಲು ಹೋದರು. ಅವಳು ಒಬ್ಬ ಮುದುಕನ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಕೂರಿಸುತ್ತಿದ್ದಳು. ಅದೇ ಕೈ, ಅದೇ ಅಚ್ಚುಕಟ್ಟು. ಮೇಡಮ್ಮನ್ನು ಕಂಡು ನಕ್ಕಳು, ಸ್ಟೂಲು ಎಳೆದು ಕೂರಿಸಿದಳು. ಅಜ್ಜಿ, ಅಪ್ಪ, ಅಮ್ಮ ಎಲ್ಲರ ಸುದ್ದಿಯೂ ಆಯಿತು.

"ಪಾಠ ಬದಲಾಯಿಸಿದ್ದೀವಿ" ಎಂದರು ಮೇಡಂ. "ಒಂದು ಸಲ ಬಂದು ನೋಡಮ್ಮ. ಓದು ಮುಂದುವರಿಸು ಅಂತಲ್ಲ, ಸುಮ್ಮನೆ ನೋಡೋಕೆ."

ಗುಬ್ಬಿ ಗಾಜು ಒರೆಸುತ್ತಿದ್ದ ಬಟ್ಟೆಯನ್ನು ಮಡಿಸಿದಳು. "ಈಗ ಅಲ್ಲಿ ಸಾಯ್ತಾಳಾ ಮೇಡಂ?"

"ಒಮ್ಮೊಮ್ಮೆ."

"ಒಳ್ಳೇದಾಯ್ತು" ಎಂದಳು ಗುಬ್ಬಿ. ಅಷ್ಟರಲ್ಲಿ ಇನ್ನೊಬ್ಬರು ಗಿರಾಕಿ ಬಂದರು. "ಬಂದೆ ಮೇಡಂ, ಕೂತಿರಿ" ಎಂದು ಎದ್ದಳು. ಮೇಡಂ ಸ್ವಲ್ಪ ಹೊತ್ತು ಕೂತಿದ್ದರು. ಗಿರಾಕಿಗಳು ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇದ್ದರು. ಕೊನೆಗೆ ಮೇಡಂ ದೂರದಿಂದಲೇ ಕೈಯೆತ್ತಿ ಹೊರಟುಬಿಟ್ಟರು.

ಮನೆಯಲ್ಲಿ ತಮ್ಮ ಬಾಗಿಲು ತೆಗೆದವನೇ ಅವರ ಮುಖ ನೋಡಿದ.

"ಬರಲ್ಲ ಕಣೋ ಅವಳು" ಎಂದರು ಅಕ್ಕ, ಚಪ್ಪಲಿ ಬಿಡುತ್ತ.