ಚಿನ್ನಪ್ಪನವರ ತಾಮ್ರದ ನಾಣ್ಯಗಳು

ತೌಹೀದ್ ಜನಾಜಾಕ್ಕೆ ಹೆಗಲು ಕೊಡಲು ಬಗ್ಗಿದ್ದ. ಶಕೀಲಾ ಬಾಗಿಲಿಗೆ ಬಂದು, "ಕೈ ತೆಗಿ," ಅಂದಳು.

ಶಿವಾಜಿನಗರದ ಆ ಗಲ್ಲಿಯಲ್ಲಿ ನೆರೆದವರೆಲ್ಲ ತಲೆಯೆತ್ತಿದರು. ತೀರಿಕೊಂಡದ್ದು ಅವಳ ಗಂಡ ಅಸ್ಗರ್; ತೌಹೀದ್ ಅವನ ಒಡಹುಟ್ಟಿದ ತಮ್ಮ. ಪಕ್ಕದ ಮನೆಯ ಚಾಂದ್ ಬೀ, ಹೆಣದ ಮುಂದೆ ಜಗಳ ಬೇಡವೆಂದು ತೋಳು ಹಿಡಿದೆಳೆದಳು. ಶಕೀಲಾ ಕದಲಲಿಲ್ಲ. ಅವಳ ಕಣ್ಣು ಗಲ್ಲಿಯ ತುದಿಯಲ್ಲಿ ನಿಂತಿದ್ದ ಹಲಸೂರಿನ ಚಿನ್ನಪ್ಪನವರ ಮೇಲಿತ್ತು.

*

ರಸೆಲ್ ಮಾರ್ಕೆಟ್ಟಿನ ಹಿಂದೆ ಅಣ್ಣತಮ್ಮಂದಿರದು ಹಳೇ ನಾಣ್ಯದ ಅಂಗಡಿ. ಕಲೆ ಬಿಡಿಸುವುದು ಅಸ್ಗರ್‌ನ ಕೆಲಸ. ತಾಮ್ರದ ಮೇಲೆ ನುಣ್ಣಗೆ ಕೂತ ಕಡುಹಸಿರೇ ನಾಣ್ಯದ ಚರ್ಮ, ಅದನ್ನು ಮುಟ್ಟಬಾರದು. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಮಾತ್ರ ರೋಗ ಎನ್ನುತ್ತಿದ್ದ. ಆ ಪುಡಿಯನ್ನು ಬಿದಿರುಕಡ್ಡಿಯ ಮೊನೆಯಿಂದ ಬಿಡಿಸುತ್ತ ಇಡೀ ಮಧ್ಯಾಹ್ನ ಕೂರುತ್ತಿದ್ದ. ಚಿನ್ನಪ್ಪನವರು ತಾತನ ಕಾಲದ ನಾಣ್ಯಗಳನ್ನು ನಂಬಿ ಕೊಟ್ಟದ್ದು ಅವನ ಕೈಗೆ.

ಅಸ್ಗರ್ ಟೈಫಾಯ್ಡ್ ಬಂದು ಮಲಗಿದ್ದಾಗ ತೌಹೀದ್ ಅವನ್ನೆಲ್ಲ ಆಸಿಡ್‌ನಲ್ಲಿ ಅದ್ದಿದ. ನಾಣ್ಯ ಫಳಫಳ ಹೊಳೆದವು. ಮೇಲಿದ್ದ ಆನೆ, ಅಕ್ಷರ ಅಳಿಸಿಹೋದವು. ಅಣ್ಣ ಮಾಡಿದ್ದು ಎಂದುಬಿಟ್ಟ. ಚಿನ್ನಪ್ಪನವರು ಬೀದಿಯಲ್ಲಿ ನಿಂತು ಅಸ್ಗರ್‌ನನ್ನು ನಂಬಿಕೆದ್ರೋಹಿ ಎಂದರು. ಗಿರಾಕಿಗಳು ಅವನ ಕೈಗೆ ನಾಣ್ಯ ಕೊಡುವುದನ್ನೇ ಬಿಟ್ಟರು. ನಿಜ ಹೇಳಿ ಎಂದು ಶಕೀಲಾ ಗಂಡನನ್ನು ಗೋಗರೆದಳು.

"ತಮ್ಮನ್ನ ಬೀದಿಗೆಳೆದು ನಾನೇನ್ ಸಂಪಾದಿಸ್ಲಿ?" ಎಂದ ಅಸ್ಗರ್ ಅಂಗಡಿ ಬಿಟ್ಟು, ಫ್ರೇಜರ್ ಟೌನಿನ ಅಪಾರ್ಟ್‌ಮೆಂಟೊಂದರ ಗೇಟು ಕಾಯಲು ಹೋದ. ಸಾಯುವತನಕ ಕಾದ.

*

ಮನೆಯಲ್ಲಿ ದಖ್ನಿ ಉರ್ದು ಆಡುವ ಶಕೀಲಾ, ಚಿನ್ನಪ್ಪನವರಿಗೂ ತಿಳಿಯಲೆಂದೇ ಕನ್ನಡದಲ್ಲಿ ಕೇಳಿದಳು. "ಅವರ ನಾಣ್ಯ ಆಸಿಡ್‌ಗೆ ಹಾಕಿದ್ದು ಯಾರು, ಹೇಳು. ಆಮೇಲೆ ಹೆಗಲು ಕೊಡು."

"ಭಾಬಿ, ಅದಕ್ಕೆಲ್ಲ ಇದಾ ಟೈಮು?" ಎಂದ ತೌಹೀದ್.

"ನಾನಲ್ಲ ಅಂತಾನೇ ಹೇಳು ಹಾಗಾದ್ರೆ. ನಿಮ್ಮಣ್ಣನ ಮೇಲೆ ಕೈಯಿಟ್ಟು ಹೇಳು."

ತೌಹೀದನ ಕೈ ಜನಾಜಾದ ಮೇಲಿಂದ ಮೆಲ್ಲಗೆ ಜಾರಿತು.

ಚಿನ್ನಪ್ಪನವರು ಜನರನ್ನು ದಾಟಿ ಬಂದರು. ಮುಖ ಕಪ್ಪಿಟ್ಟಿತ್ತು. ಹೊರಬಹುದೇ ಎಂದು ಕೇಳಿದರು.

"ಅವರಿದ್ದಾಗ ಬರ್ಬೇಕಿತ್ತು ನೀವು," ಎಂದಳು ಶಕೀಲಾ. ಆದರೆ ತಡೆಯಲಿಲ್ಲ.

ಜನಾಜಾ ಎದ್ದಿತು. ಹೆಗಲಿಂದ ಹೆಗಲಿಗೆ ಸಾಗುತ್ತ ಹೊರಟಿತು. ತೌಹೀದ್ ಕೈ ಚಾಚಿಕೊಂಡು ಪಕ್ಕದಲ್ಲೇ ಓಡಿದ. ಅವನು ಸಮೀಪಿಸಿದಂತೆಲ್ಲ ಯಾರೋ ಒಬ್ಬರು ಮಾತಿಲ್ಲದೆ ನಡುವೆ ಬಂದರು. ಮಾರ್ಕೆಟ್ಟಿನ ತಿರುವಿನಲ್ಲಿ ಜನ ಮರೆಯಾದರು. ಹಿಂದೆ ಆಟೋಗಳು ಹಾರನ್ ಹೊಡೆಯುತ್ತಿದ್ದವು. ಚಾಚಿದ ಕೈಯನ್ನು ಇಳಿಸದೆ ತೌಹೀದ್ ನಡುರಸ್ತೆಯಲ್ಲಿ ನಿಂತಿದ್ದ.