ಬಾಯಿಂದ ಬಂದ ಹರಕೆ

"ಗಂಡುಹುಡುಗರ ಕೂದಲು ಕಾಲರ್ ಮುಟ್ಟಬಾರದು, ಅಷ್ಟೇ," ಎಂದರು ಮುಖ್ಯೋಪಾಧ್ಯಾಯಿನಿ ಸುಧಾಮಣಿ. "ನಾಳೆ ಹೀಗೇ ಬಂದ್ರೆ ಕ್ಲಾಸಿಗೆ ಸೇರಿಸಲ್ಲ."

ಪಕ್ಕದಲ್ಲಿ ನಿಂತಿದ್ದ ಪಿ.ಟಿ. ಮೇಷ್ಟರು ನಕ್ಕರು. "ರಿಬ್ಬನ್ ಒಂದೇ ಬಾಕಿ ಮೇಡಂ. ಎರಡು ಜಡೆ ಹಾಕಿ ಹುಡ್ಗೀರ ಲೈನಲ್ಲಿ ನಿಲ್ಲಿಸಿಬಿಡೋಣ."

ಒಂಬತ್ತನೇ ತರಗತಿಯ ಕೈಲಾಸ್ ತಲೆ ತಗ್ಗಿಸಿದ. ಜೊತೆಗೆ ಬಂದಿದ್ದ ಅಜ್ಜಿ ಶಾಂತಾದೇವಿ ಅವನನ್ನು ಹತ್ತಿರಕ್ಕೆಳೆದುಕೊಂಡರು. ತಾಯಿಯಿಲ್ಲದ ಮೊಮ್ಮಗ. ಶ್ರೀನಗರದ ಮನೆಯಲ್ಲಿ ಕನ್ನಡಿಯ ಮುಂದೆ ಕೂತು, ಅಜ್ಜಿಯ ಕೈಯಿಂದ ಎಣ್ಣೆ ಹಚ್ಚಿಸಿಕೊಳ್ಳುತ್ತ, "ಈ ಕೂದಲಿದ್ರೆ ಮಾತ್ರ ಅಲ್ಲಿ ಕಾಣೋದು ನಾನು ಅನ್ಸತ್ತೆ ಅಜ್ಜಿ" ಎಂದಿದ್ದ. ಅವರಿಗೆ ಪೂರ್ತಿ ಅರ್ಥವಾಗಿರಲಿಲ್ಲ. ಬೇಡವೆನ್ನಲೂ ಮನಸ್ಸು ಬಂದಿರಲಿಲ್ಲ.

"ಅದು ಹರಕೆ ಮುಡಿ ಮೇಡಂ," ಎಂದುಬಿಟ್ಟರು. "ಮಾದಪ್ಪನಿಗೆ ಬಿಟ್ಟಿರೋದು. ಬೆಟ್ಟಕ್ಕೆ ಹೋಗೋವರೆಗೂ ಕತ್ತರಿ ತಾಗಿಸೋ ಹಾಗಿಲ್ಲ."

ಸುಧಾಮಣಿ ಕೈ ಮುಗಿದರು. "ಮೊದ್ಲೇ ಹೇಳ್ಬಾರ್ದಾ ಅಮ್ಮ! ದೇವರ ಕೂದಲಿಗೆ ನಾವ್ಯಾಕೆ ಅಡ್ಡ ಬರೋಣ? ಇರ್ಲಿ ಬಿಡಿ."

ದಾರಿಯುದ್ದಕ್ಕೂ ಕೈಲಾಸ್ ಕುಣಿಯುತ್ತ ಬಂದ. "ಅಜ್ಜೀ, ಸಖತ್ತಾಗಿ ಸುಳ್ಳು ಹೇಳ್ತೀಯ ನೀನು!"

ಮರುದಿನ ಶಾಂತಾದೇವಿ ಲಿಂಗಪೂಜೆಗೆ ಕುಳಿತಾಗ ವಿಭೂತಿ ಹಿಡಿದ ಕೈ ಹಣೆಗೆ ಏಳಲಿಲ್ಲ. ಮಾದಪ್ಪನ ಹೆಸರು ಹಿಡಿದು ಆಡಿದ ಮಾತು. ಆಡಿದ ಮೇಲೆ ಅದು ಹರಕೆಯೇ. ತೀರಿಸದಿದ್ದರೆ ಈ ಮಗುವಿಗೇ ಕೇಡು. ಇದರ ತಾಯಿ ಹೋದದ್ದೂ ಹರಕೆಯೊಂದು ಉಳಿದುಹೋದದ್ದರಿಂದಲೇ ಎಂಬ ಅಳುಕು ಅವರ ಎದೆಯಲ್ಲಿ ಇಷ್ಟು ವರ್ಷವೂ ಕೂತಿತ್ತು.

ಕಾರ್ತಿಕ ಮಾಸದಲ್ಲಿ ಬೆಟ್ಟಕ್ಕೆ ಕರೆದುಕೊಂಡು ಹೋದರು. ಮುಡಿ ತೆಗೆಯುವವನ ಮುಂದೆ ಕೈಲಾಸ್ ಅವರ ಸೆರಗು ಹಿಡಿದುಕೊಂಡ.

"ಅಜ್ಜಿ, ಬೇಡ. ಅದು ಸುಳ್ಳಲ್ವಾ?"

"ಮಾದಪ್ಪನ ಹೆಸರಲ್ಲಿ ಸುಳ್ಳು ನಡೆಯಲ್ಲ ಕಂದ. ನೀನು ಚೆನ್ನಾಗಿರ್ಬೇಕಲ್ಲ."

"ಸ್ಕೂಲ್‌ನೋರೇ ಬಿಟ್ರು. ನೀನು ಬಿಡಲ್ವಾ?"

ಅವರು ಮಗುವಿನ ಭುಜ ಅದುಮಿ ತಾವೇ ಕೂರಿಸಿದರು. ಬಾಯಲ್ಲಿ ಶಿವನಾಮ ನಡೆದೇ ಇತ್ತು.

ಮುಡಿ ಕೊಟ್ಟ ತಲೆಗೆ ಗಂಧ ಬಳಿಯಬೇಕು. ಶಾಂತಾದೇವಿ ಅಂಗೈ ತುಂಬ ಕಲಸಿಕೊಂಡು ಬಂದಾಗ ಕೈಲಾಸ್ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. ಅವನ ಕೈ ಹೆಗಲ ಮೇಲಿನ ಕೂದಲು ಸರಿಸಲು ಹೋಗಿ, ಏನೂ ಸಿಗದೆ, ಅಲ್ಲೇ ನಿಂತಿತು.

"ಬಾ ಕಂದ, ತಂಪಾಗತ್ತೆ."

ಅವನು ಎದ್ದು ಇನ್ನಷ್ಟು ಕೆಳಗಿನ ಮೆಟ್ಟಿಲಿಗೆ ಹೋಗಿ ಕೂತ. ಬಸ್ಸು ಹೊರಡುವ ಹೊತ್ತಿಗೆ ಅವರ ಅಂಗೈಯಲ್ಲಿ ಗಂಧ ಒಣಗಿ ಬಿರುಕು ಬಿಟ್ಟಿತ್ತು.